ಮೊದಲು ಕಾಫಿ, ಆಮೇಲೆ ತಿಂಡಿ

ಹೊಸ ಹೋಟೆಲಿಗೆ ಹೋದರೆ ನಾನು ಮೊದಲು ಹೇಳುವುದು ಕಾಫಿ. ತಿಂಡಿ ಆಮೇಲೆ. "ಈಗ್ಲೇ ಕಾಫಿನಾ ಮೇಡಂ?" ಎಂದು ಸಪ್ಲೈಯರ್ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಏಕೆಂದರೆ ಬೆಂಗಳೂರಿನ ರೂಢಿ ಬೇರೆ. ಇಡ್ಲಿ, ವಡೆ, ದೋಸೆ ಎಲ್ಲ ಮುಗಿದು ಕೈ ತೊಳೆದು ಬಂದ ಮೇಲೆ ಕಾಫಿ. ಆದರೆ ಹಸಿಮೆಣಸಿನ ಚಟ್ನಿಗೆ ಚುರುಗುಟ್ಟುವ ನಾಲಿಗೆಗೆ ಡಿಕಾಕ್ಷನ್ ತಾಜಾನೋ ಹಳೆಯದೋ ತಿಳಿಯುವುದಿಲ್ಲ. ಬಿಸಿಯಾಗಿ, ಸಿಹಿಯಾಗಿ ಏನು ಬಂದರೂ ಹಿತವೆನಿಸುತ್ತದೆ. ಬರೀ ಬಾಯಲ್ಲಿ ಕುಡಿದ ಅರ್ಧ ಲೋಟ ಕಾಫಿಯಿಂದ ಆ ಅಡುಗೆಮನೆಯ ಶಿಸ್ತು ಎಷ್ಟಿದೆ ಎಂದು ಗೊತ್ತಾಗುತ್ತದೆ. ಡಿಕಾಕ್ಷನ್ ಬಗ್ಗೆ ಕಾಳಜಿ ಇರುವ ಕಡೆ ಚಟ್ನಿಯೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಎಂಬುದು ಇಷ್ಟು ವರ್ಷ ಸುತ್ತಾಡಿ ನಾನು ಕಂಡುಕೊಂಡದ್ದು.

ನಮ್ಮ ಮನೆ ತ್ಯಾಗರಾಜನಗರದಲ್ಲಿ. ಶನಿವಾರ ಹತ್ತು ಗಂಟೆ ಸುಮಾರಿಗೆ ನಾನೂ ನಮ್ಮತ್ತೆಯೂ ಹೊರಡುತ್ತೇವೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ಒಂದೇ ಸಲ ತಿಂದು ಬಂದರೆ ಆ ಮಧ್ಯಾಹ್ನ ಒಲೆ ಹಚ್ಚುವ ಕೆಲಸವಿಲ್ಲ. ಅತ್ತೆಗೆ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಕೊಪ್ಪದ ಕಡೆಯವರು, ಕಾಫಿ ತೋಟದ ಮನೆಯಲ್ಲಿ ಬೆಳೆದವರು. ಅವರ ಮಂಡಿ ಮತ್ತು ಅವರ ಮೂಗು, ಈ ಎರಡನ್ನೂ ಗಮನದಲ್ಲಿಟ್ಟುಕೊಂಡೇ ನಾನು ಹೋಟೆಲ್ ಆರಿಸಲು ಕಲಿತೆ.

ಹತ್ತು ಗಂಟೆ ಯಾಕೆ ಅಂದರೆ, ಎಂಟರಿಂದ ಒಂಬತ್ತೂವರೆ ತನಕ ಆಫೀಸಿನವರ, ವಾಕಿಂಗ್ ಮುಗಿಸಿ ಬಂದವರ ನೂಕುನುಗ್ಗಲು. ಆ ಹೊತ್ತಲ್ಲಿ ಯಾರನ್ನೂ ಏನೂ ಕೇಳುವಂತಿಲ್ಲ. ಹನ್ನೊಂದೂವರೆ ಆಯಿತೆಂದರೆ ತಿಂಡಿ ಮುಗಿಸಿ ಊಟಕ್ಕೆ ಅಣಿ ಮಾಡುತ್ತಾರೆ, ಕೆಲವು ಹಳೆ ಹೋಟೆಲುಗಳು ಬಾಗಿಲೆಳೆದು ಮಧ್ಯಾಹ್ನದ ನಂತರವೇ ತೆರೆಯುತ್ತವೆ. ನಡುವಿನ ಎರಡು ಗಂಟೆ ನಮ್ಮದು. ಆದರೆ ಆ ಹೊತ್ತಿಗೆ ಎಲ್ಲವನ್ನೂ ಹೇಳಬಾರದು. ಖಾರಾಬಾತ್ ಬೆಳಗ್ಗೆ ಏಳಕ್ಕೆ ಚೆನ್ನ. ಹತ್ತೂವರೆಗೆ ಪಾತ್ರೆಯ ತಳದಲ್ಲಿ ಬಿಗಿದುಕೊಂಡಿರುತ್ತದೆ, ಮೇಲೆ ತುಪ್ಪ ಸುರಿದರೂ ರವೆ ಬಿಡಿಬಿಡಿಯಾಗಿ ಬರುವುದಿಲ್ಲ. ಇಡ್ಲಿ ಹಬೆಯಲ್ಲೇ ಬಹಳ ಹೊತ್ತು ಕೂತರೆ ತಳ ಒದ್ದೆಯಾಗುತ್ತದೆ. "ಹೊಸ ಟ್ರೇ ಯಾವಾಗ ಇಳಿಯುತ್ತೆ?" ಎಂದು ಕೇಳಿದರೆ ಒಳ್ಳೆಯ ಹೋಟೆಲಿನವರು ನಿಜ ಹೇಳುತ್ತಾರೆ, ಐದು ನಿಮಿಷ ಕಾಯಿರಿ ಅನ್ನುತ್ತಾರೆ. ದೋಸೆಯ ಕಥೆ ಇದಕ್ಕೆ ಉಲ್ಟಾ. ಬೆಳಗಿನಿಂದ ನೂರಾರು ದೋಸೆ ಹುಯ್ದು ಪಳಗಿದ ಕಾವಲಿ ಆ ಹೊತ್ತಿಗೆ ಒಂದೇ ಸಮನೆ ಕಾದಿರುತ್ತದೆ, ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಥರ ಬರುತ್ತದೆ. ವಡೆಯನ್ನಂತೂ ಎದುರಿಗೇ ಎಣ್ಣೆಗೆ ಬಿಡುತ್ತಿದ್ದರೆ ಮಾತ್ರ ಹೇಳುವುದು. ತೆಂಗಿನಕಾಯಿ ಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ನೋಡುತ್ತೇನೆ. ಮಾರ್ಚ್, ಏಪ್ರಿಲ್ ಸೆಕೆಗೆ ಬೆಳಗ್ಗೆ ರುಬ್ಬಿದ್ದು ಹನ್ನೊಂದರ ಹೊತ್ತಿಗೆ ಹುಳಿ ತಿರುಗಿರಬಹುದು.

ಮತ್ತೆ ಕಾಫಿಗೆ ಬರುತ್ತೇನೆ. ಆಗಷ್ಟೇ ಇಳಿದ ಡಿಕಾಕ್ಷನ್‌ಗೆ ಕಾದ ಹಾಲು ಸೇರಿದರೆ ಕೆಂಪು ಬೆರೆತ ಕಂದು ಬಣ್ಣ ಬರುತ್ತದೆ, ಲೋಟ ಮೂಗಿನ ಹತ್ತಿರ ಬರುವ ಮೊದಲೇ ಘಮ ಬಂದಿರುತ್ತದೆ. ಬೆಳಗ್ಗೆ ಆರಕ್ಕೆ ಇಳಿಸಿ ಹತ್ತರ ತನಕ ಬಿಸಿಯಲ್ಲೇ ಇಟ್ಟ ಡಿಕಾಕ್ಷನ್ ಮಂಕಾಗುತ್ತದೆ. ಕಾಫಿಯ ಸುವಾಸನೆ ಹಾರಿಹೋಗುವಂಥದ್ದು, ಕಾಯಿಸಿದಷ್ಟೂ ಅದು ಕಡಿಮೆಯಾಗುತ್ತಾ ಕಹಿ, ಒಗರು ಮಾತ್ರ ಉಳಿಯುತ್ತವೆ. ಅದನ್ನು ಮುಚ್ಚಲು ಇನ್ನೊಂದು ಚಮಚ ಸಕ್ಕರೆ ಬೀಳುತ್ತದೆ. ನಮ್ಮತ್ತೆ ಸಕ್ಕರೆ ಹಾಕಿಸಿಕೊಳ್ಳದೆ ಕುಡಿಯುವುದರಿಂದ ಅವರ ಲೋಟದಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ನಾನು ಮೊದಲ ಗುಟುಕನ್ನು ಅವರ ಲೋಟದಿಂದಲೇ ಕುಡಿದು ನೋಡುತ್ತೇನೆ.

ಚಿಕೋರಿಯ ಬಗ್ಗೆ ನನಗೆ ವಿರೋಧವಿಲ್ಲ. ಅದು ಹುರಿದು ಪುಡಿ ಮಾಡಿದ ಬೇರು, ಅದರಲ್ಲಿ ಕೆಫೀನ್ ಇಲ್ಲ. ನೂರಕ್ಕೆ ಹದಿನೈದು, ಇಪ್ಪತ್ತು ಭಾಗ ಸೇರಿದರೆ ಡಿಕಾಕ್ಷನ್ ಮಂದವಾಗುತ್ತದೆ, ಹಾಲಿನ ಎದುರು ಸೋಲದೆ ನಿಲ್ಲುತ್ತದೆ. ಕಾಫಿ-ಚಿಕೋರಿ ಮಿಶ್ರಣ ಎಂದು ಮಾರುವ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕೆಂದು ನಿಯಮವಿದೆ, ಪ್ಯಾಕೆಟ್ ಮೇಲೆ ಪ್ರಮಾಣ ಅಚ್ಚಾಗಿರಬೇಕು. ಹೋಟೆಲಿನಲ್ಲಿ ಪ್ಯಾಕೆಟ್ ಕಾಣುವುದಿಲ್ಲ, ನಾಲಿಗೆಯನ್ನೇ ನಂಬಬೇಕು. ನೋಡಲು ಕಡುಕಪ್ಪು, ಮೂಗಿಗೆ ಏನೂ ಇಲ್ಲ, ಕುಡಿದಾದ ಮೇಲೆ ಸುಟ್ಟ ಬೆಲ್ಲದಂಥ ಕಹಿ ನಾಲಿಗೆಯ ಹಿಂಬದಿಯಲ್ಲಿ ಅಂಟಿಕೊಂಡರೆ ಚಿಕೋರಿ ಹೆಚ್ಚಾಗಿದೆ ಎಂದೇ ಅರ್ಥ. "ಸ್ಟ್ರಾಂಗ್ ಕಾಫಿ" ಎಂದು ಜನ ಹೊಗಳುವುದು ಎಷ್ಟೋ ಸಲ ಇದನ್ನೇ. ಅದು ನನಗೆ ಬೇಸರ ತರಿಸುತ್ತದೆ. ದೇಶದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಅಷ್ಟು ಹತ್ತಿರವಿದ್ದೂ ನಾವು ಒಳ್ಳೆಯದನ್ನು ಕೇಳಿ ಪಡೆಯಬೇಕು.

ಸಕ್ಕರೆ ಬಿಟ್ಟವರಿಗೆ ಒಂದು ಮಾತು. ನಿಂತು ತಿನ್ನುವ ಅನೇಕ ದರ್ಶಿನಿಗಳಲ್ಲಿ ಲೋಟಗಳನ್ನು ಸಾಲಾಗಿ ಜೋಡಿಸಿ ಮೊದಲೇ ಸಕ್ಕರೆ ಹಾಕಿಟ್ಟಿರುತ್ತಾರೆ, ಟೋಕನ್ ಕೊಟ್ಟ ಕೂಡಲೇ ಡಿಕಾಕ್ಷನ್, ಹಾಲು ಬೀಳುತ್ತದೆ. ಗಲ್ಲಾದಲ್ಲಿ ಹೇಳಿದರೆ ಸಾಲದು, ಕಾಫಿ ಹಾಕುವವರ ಕಣ್ಣಿಗೆ ಬಿದ್ದು, ಟೋಕನ್ ಕೊಡುವ ಮೊದಲೇ "ಒಂದು ಸಕ್ಕರೆ ಇಲ್ಲದ್ದು" ಅನ್ನಬೇಕು. ನಮ್ಮ ಬೀದಿಯ ಹೋಟೆಲಿನಲ್ಲಿ ಈಗ ಅದೂ ಬೇಕಿಲ್ಲ. ಅತ್ತೆ ಮೆಟ್ಟಿಲ ಹತ್ತಿರ ಕಂಡರೆ ಸಾಕು, "ಬನ್ನಿ ಅಜ್ಜಿ, ಖಾಲಿ ಲೋಟ ತೆಗೆದಿಟ್ಟಿದೀನಿ" ಎಂದು ಆ ಹುಡುಗ ಒಳಗಿನಿಂದಲೇ ಕೂಗುತ್ತಾನೆ.

ಇನ್ನು ಕೂರುವ ಪ್ರಶ್ನೆ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ ಮೇಲೆ ನಿಂತು ತಿನ್ನುವ ಪದ್ಧತಿ ಊರಿಡೀ ಹಬ್ಬಿತು. ಕಡಿಮೆ ಜಾಗ, ತೆರೆದ ಅಡುಗೆಮನೆ, ಕೂರುವ ವ್ಯವಸ್ಥೆಯಿಲ್ಲದ್ದರಿಂದ ಕಡಿಮೆ ಬೆಲೆ. ಅಡುಗೆ ನಮ್ಮ ಕಣ್ಣೆದುರೇ ನಡೆಯುವುದು ದರ್ಶಿನಿಯ ದೊಡ್ಡ ಗುಣ, ಹೆಣ್ಣುಮಕ್ಕಳು ಒಬ್ಬರೇ ಹೋಗಿ ಹತ್ತು ನಿಮಿಷದಲ್ಲಿ ತಿಂದು ಬರಲು ಅದರಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ. ಆದರೆ ಮಂಡಿ ನೋವಿನವರಿಗೆ ಎತ್ತರದ ಮೇಜಿನ ಮುಂದೆ ನಿಲ್ಲುವುದು ಶಿಕ್ಷೆ. ಎಷ್ಟೋ ಕಡೆ ಒಳಗೆ ನಾಲ್ಕಾರು ಕುರ್ಚಿ ಇಟ್ಟಿರುತ್ತಾರೆ, ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಹೊಸ ಜಾಗಕ್ಕೆ ನಾನು ವಾರದ ಮಧ್ಯೆ ಒಬ್ಬಳೇ ಹೋಗಿ ಕಾಫಿ ಕುಡಿದು, ಮೆಟ್ಟಿಲು ಎಷ್ಟಿವೆ, ಕುರ್ಚಿ ಇದೆಯೇ, ಕೈ ತೊಳೆಯುವ ಜಾಗದಲ್ಲಿ ನೆಲ ಜಾರುತ್ತದೆಯೇ ಎಂದು ನೋಡಿ ಬಂದಿರುತ್ತೇನೆ.

ಹೆಸರಾದ ಹೋಟೆಲುಗಳಿಗೂ ಹೋಗುತ್ತೇವೆ, ದಿನ ನೋಡಿಕೊಂಡು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ವಿದ್ಯಾರ್ಥಿ ಭವನ 1943ರದು, ಎಂಟಿಆರ್ 1924ರದು. ಶನಿವಾರ, ಭಾನುವಾರ ಈ ಎರಡು ಕಡೆ ಹೆಸರು ಬರೆಸಿ ಕಾಯಬೇಕು, ಅಷ್ಟು ಹೊತ್ತು ಅತ್ತೆಯನ್ನು ನಿಲ್ಲಿಸಲಾರೆ. ಹಾಗಾಗಿ ಮಂಗಳವಾರವೋ ಬುಧವಾರವೋ ಹತ್ತು ಗಂಟೆಗೆ ಹೋಗುವುದು. ಎಂಟಿಆರ್‌ನ ರವೆ ಇಡ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹುಟ್ಟಿದ್ದೆಂದು ಅಲ್ಲಿಯವರೇ ಹೇಳುತ್ತಾರೆ. ಅಲ್ಲಿ ಬೆಳ್ಳಿ ಲೋಟದಲ್ಲಿ ಕಾಫಿ ಬರುತ್ತದೆ, ಕೈ ಸುಡುತ್ತದೆ, ಸ್ವಲ್ಪ ತಾಳ್ಮೆ ಬೇಕು. ಶಂಕರಪುರದಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ನನ್ನ ಮಟ್ಟಿಗೆ ಆ ಚಟ್ನಿ ಇದ್ದರೆ ಸಾಂಬಾರಿನ ನೆನಪೂ ಆಗುವುದಿಲ್ಲ. ವಿದ್ಯಾರ್ಥಿ ಭವನದಲ್ಲಿ ಕೈಮೇಲೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಲು ಅತ್ತೆಗೆ ಇಷ್ಟ, ಕನ್ನಡದ ಸಾಹಿತಿಗಳ ಚಿತ್ರಗಳಿರುವ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ.

ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲನ್ನು ವಯಸ್ಸಾದವರ ಜೊತೆ ಹೋಗುವವರಿಗೆ ನಾನು ಯಾವಾಗಲೂ ಹೇಳುತ್ತೇನೆ. ಮರಗಳ ಕೆಳಗೆ ಕುರ್ಚಿ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ, ಬೇಕಿದ್ದರೆ ಕಾರಿನ ಹತ್ತಿರಕ್ಕೇ ತಿಂಡಿ ಬರುತ್ತದೆ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ಕೂಡ ಕೂತು ತಿನ್ನುವ ಜಾಗವೇ. 2009ರ ತನಕ ಅದು ಎಂ.ಜಿ. ರಸ್ತೆಯಲ್ಲಿತ್ತು. ನಡೆಸುವುದು ಕೆಲಸಗಾರರದೇ ಸಹಕಾರ ಸಂಘ. ಬಿಳಿ ಉಡುಪು, ಪೇಟ ಇಂದಿಗೂ ಇದೆ. ಬೆಣ್ಣೆ ಸವರಿದ ಟೋಸ್ಟು, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್, ಎರಡೆರಡು ಸಲ ಕಾಫಿ, ಇಷ್ಟರಲ್ಲಿ ಒಂದು ಬೆಳಗು ಕಳೆಯಬಹುದು.

ಈಚಿನ ವರ್ಷಗಳಲ್ಲಿ ಜಯನಗರ, ಬಸವನಗುಡಿಯಲ್ಲೂ ಎಸ್ಪ್ರೆಸೊ ಯಂತ್ರವಿಟ್ಟ ಹೊಸ ಕೆಫೆಗಳು ಬಂದಿವೆ. ಅಲ್ಲಿ ಒಂದು ಕ್ಯಾಪುಚಿನೊಗೆ ಕೊಡುವ ದುಡ್ಡಿಗೆ ದರ್ಶಿನಿಯಲ್ಲಿ ನಾವಿಬ್ಬರೂ ತಿಂಡಿ, ಕಾಫಿ ಮುಗಿಸಿ ಬರಬಹುದು. ಆದರೂ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಕಾರಣ, ಕಾಫಿ ಯಾವ ತೋಟದ್ದು, ಯಾವ ತಳಿ, ಎಂದು ಹುರಿದದ್ದು ಎಂಬುದನ್ನು ಅವರು ಬರೆದಿಟ್ಟಿರುತ್ತಾರೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಹುರಿದ ದಿನಾಂಕ ತಿಂಗಳೊಳಗಿದ್ದರೆ ನಾನು ಹಾಲಿಲ್ಲದ ಪೋರ್‌ಓವರ್ ಹೇಳುತ್ತೇನೆ. ಸುಮಾರು 15 ಗ್ರಾಂ ಪುಡಿಗೆ 240 ಮಿಲಿಲೀಟರ್ ನೀರು, ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಮೂರು ನಿಮಿಷ. ನಮ್ಮ ಮನೆಯ ಫಿಲ್ಟರ್‌ನಲ್ಲಿ ನಡೆಯುವುದೂ ಇದೇ ಕೆಲಸ, ನಾವು ಪುಡಿ ಜಾಸ್ತಿ, ನೀರು ಕಡಿಮೆ, ಇಳಿಯುವ ಹೊತ್ತು ದೀರ್ಘ ಮಾಡಿ ಗಟ್ಟಿ ಡಿಕಾಕ್ಷನ್ ತೆಗೆಯುತ್ತೇವೆ ಅಷ್ಟೆ.

ಮೊದಲ ಸಲ ಹೋದಾಗ ಅತ್ತೆಗೆ ಇದು ಹಿಡಿಸುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಯಂತ್ರದ ಹಿಂದಿದ್ದ ಹುಡುಗಿ, ಇದು ಸೆಲೆಕ್ಷನ್ 795 ಆಂಟಿ, ಚಿಕ್ಕಮಗಳೂರಿನದು ಎಂದಳು. ಅತ್ತೆ ತಕ್ಷಣ, "ಬಾಳೆಹೊನ್ನೂರಿನ ತಳಿ ಅಲ್ವೇನಮ್ಮ ಅದು? ನಮ್ಮ ತೋಟದಲ್ಲೂ ಅದೇ ಗಿಡ" ಎಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು, ಅವರ ತವರಿಗೆ ದೂರವೇನಲ್ಲ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದ್ದೋ, ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ್ದೋ ಎಂದು ವಿಚಾರಿಸಿದರು. ಆ ಹುಡುಗಿ ಕೌಂಟರ್ ಬಿಟ್ಟು ಬಂದು ನಮ್ಮ ಮೇಜಿನ ಹತ್ತಿರ ನಿಂತಳು. ಹಾಲಿಲ್ಲದ ಕಾಫಿ ಅತ್ತೆಗೆ ಹೊಸದಲ್ಲ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಬೆಲ್ಲದ ಕಾಫಿಯೇ. ಬೆಲ್ಲ ಬಿಟ್ಟು ಕುಡಿಯುವುದನ್ನು ಈಗ ಕಲಿತಿದ್ದಾರೆ, ತುಸು ಆರಿದ ಮೇಲೆ ರುಚಿ ಇನ್ನೂ ಬಿಡಿಸಿಕೊಳ್ಳುತ್ತದೆ ಎನ್ನುತ್ತಾರೆ, ಅದು ನಿಜ. ತಿಂಡಿ ಮಾತ್ರ ಅಲ್ಲಿ ಅವರಿಗೆ ಒಗ್ಗುವುದಿಲ್ಲ. ಸಾರ್‌ಡೋ ಬ್ರೆಡ್ಡಿನ ಅಂಚು ಗಟ್ಟಿ, ಹಲ್ಲಿಗೆ ಕಷ್ಟ. ಒಂದೇ ತಟ್ಟೆ ಹೇಳಿ, ಒಳಗಿನ ಮೆತ್ತನೆಯ ಭಾಗ ಅವರಿಗೆ, ಅಂಚು ನನಗೆ. ಹನ್ನೊಂದಾದ ಮೇಲೆ ಈ ಕೆಫೆಗಳಲ್ಲಿ ಸಂಗೀತದ ಸದ್ದು, ಲ್ಯಾಪ್‌ಟಾಪಿನವರು ಎಲ್ಲ ಹೆಚ್ಚು, ಇಲ್ಲಿಗೆ ಒಂಬತ್ತೂವರೆಗೇ ಹೋಗುವುದು ಮೇಲು.

ಇಷ್ಟೆಲ್ಲ ಸುತ್ತಿದರೂ ನಾವು ಹೆಚ್ಚು ಹೋಗುವುದು ಮನೆಯಿಂದ ನಡೆದು ತಲುಪುವ ಮೂರು ಹೋಟೆಲುಗಳಿಗೆ. ಅವುಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅದೇ ಹೊತ್ತಿಗೆ ಹೋಗಿ ಅದೇ ಕಾಫಿ, ಅದೇ ಎರಡು ಇಡ್ಲಿ ಹೇಳುತ್ತಾ ಬಂದದ್ದರಿಂದ ಏನು ಬದಲಾದರೂ ತಕ್ಷಣ ತಿಳಿಯುತ್ತದೆ. ಒಂದು ಕಡೆ ಕಾಫಿ ಇದ್ದಕ್ಕಿದ್ದಂತೆ ಕಹಿಯಾಯಿತು. ನಾಲ್ಕು ಜನರೆದುರು ಅನ್ನದೆ, ಬಿಲ್ಲು ಕೊಡುವಾಗ ಮಾಲೀಕರಿಗೆ ಮೆಲ್ಲಗೆ ಹೇಳಿದೆ. ಪುಡಿ ಬೇರೆ ಕಡೆಯಿಂದ ತರಿಸುತ್ತಿದ್ದೇವೆ ಎಂದು ಒಪ್ಪಿಕೊಂಡರು, ಕೆಲವು ವಾರದಲ್ಲಿ ಹಳೆ ಅಂಗಡಿಯ ಪುಡಿಗೇ ಮರಳಿದರು. ದಿನಾ ಬರುವವರ ಮಾತಿಗೆ ಸಣ್ಣ ಹೋಟೆಲಿನಲ್ಲಿ ಬೆಲೆಯಿದೆ, ಆದ್ದರಿಂದ ಹೇಳಬೇಕು. ಚೆನ್ನಾಗಿದ್ದ ದಿನವೂ ಒಳಗಿಣುಕಿ ಭಟ್ಟರಿಗೆ ಹೇಳಬೇಕು.

ಮುಂದಿನ ವಾರ ಮಲ್ಲೇಶ್ವರಕ್ಕೆ ಹೋಗೋಣ ಎಂದು ಅತ್ತೆ ಹೇಳುತ್ತಿದ್ದಾರೆ. ವೀಣಾ ಸ್ಟೋರ್ಸ್‌ನ ಇಡ್ಲಿಗೆ ಫುಟ್‌ಪಾತಿನಲ್ಲೇ ನಿಲ್ಲಬೇಕು, ಅದನ್ನು ಪಾರ್ಸೆಲ್ ತೆಗೆದುಕೊಳ್ಳುವುದು. ಕೂತು ತಿನ್ನಲು ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ. ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೊ ಹತ್ತಿದರೆ ಸಂಪಿಗೆ ರಸ್ತೆ ನಿಲ್ದಾಣಕ್ಕೆ ರೈಲು ಬದಲಿಸದೆ ಹೋಗಬಹುದು, ಎರಡೂ ಕಡೆ ಲಿಫ್ಟ್ ಇದೆ, ಅಲ್ಲಿಂದ ಆಟೊ. ಬುಧವಾರ ಎಂದು ಗೊತ್ತು ಮಾಡಿದ್ದೇವೆ.