ಗಾರ್ಮೆಂಟ್ಸ್‌ನಲ್ಲಿ ಪೋಶ್ ತರಬೇತಿ: ಮೊದಲು ಸೂಪರ್‌ವೈಸರ್‌ಗಳನ್ನು ಕೂರಿಸಿ

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಪೋಶ್ ತರಬೇತಿ, ಅಂದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ತರಬೇತಿ ಕೊಡುತ್ತೇನೆ. ಕೆಲವು ಕಡೆ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆಯೂ ಹೌದು. ಹೊಸ ಕಾರ್ಖಾನೆಗೆ ಹೋದರೆ ಎಚ್‌ಆರ್‌ನವರು ಟೈಲರ್, ಹೆಲ್ಪರ್‌ಗಳನ್ನೇ ಮೊದಲು ಕಳಿಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಮೊದಲು ಸೂಪರ್‌ವೈಸರ್‌ಗಳು, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್ ಬರಲಿ.

ಯಾಕೆ ಅಂದರೆ, ಹೊಲಿಗೆ ಲೈನ್‌ನಲ್ಲಿ ಕೂತ ಹೆಣ್ಣುಮಗಳಿಗೆ ರಜೆ ಕೊಡುವವನು, ಓವರ್‌ಟೈಮ್‌ಗೆ ಉಳಿಸಿಕೊಳ್ಳುವವನು, ಸಿಟ್ಟು ಬಂದರೆ ಕಾಲರ್ ಕೂರಿಸುವಂಥ ಕಷ್ಟದ ಕೆಲಸಕ್ಕೆ ಹಾಕುವವನು ಸೂಪರ್‌ವೈಸರ್. ಅವನು ಬದಲಾಗದೆ ಅವಳಿಗೆ ಧೈರ್ಯ ಹೇಳಿ ಏನು ಪ್ರಯೋಜನ? "ಪ್ರೊಡಕ್ಷನ್ ಬರಬೇಕು ಅಂದ್ರೆ ಸ್ವಲ್ಪ ಬೈಲೇಬೇಕು ಮೇಡಂ" ಅನ್ನುತ್ತಾರೆ ಸೂಪರ್‌ವೈಸರ್‌ಗಳು. ಆಗ ನಾನು ಕಾಯ್ದೆ ಓದುವುದಿಲ್ಲ. ಟಾರ್ಗೆಟ್ ಬರದಿದ್ದಾಗ ಫ್ಲೋರ್‌ನಲ್ಲಿ ಕೇಳಿಬರುವ ಬೈಗುಳಗಳನ್ನು ಚೀಟಿಯಲ್ಲಿ ಬರೆದು ತಂದಿರುತ್ತೇನೆ, ಒಬ್ಬೊಬ್ಬರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸಿ ಚೀಟಿಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಯಾಕೆ ಓದೋಕೆ ಆಗ್ತಿಲ್ಲ ಅಂತ ಅಲ್ಲಿಂದ ಮಾತು ಶುರು.

ಆಮೇಲೆ ಕಾಯ್ದೆ. 2013ರ ಪೋಶ್ ಕಾನೂನಿನಲ್ಲಿ ಮೈ ಮುಟ್ಟುವುದಷ್ಟೇ ಕಿರುಕುಳ ಅಲ್ಲ. ಅಶ್ಲೀಲ ಮಾತು, ಮೊಬೈಲ್‌ನಲ್ಲಿ ಕೆಟ್ಟ ವಿಡಿಯೊ ತೋರಿಸುವುದು, ನನ್ನ ಮಾತು ಕೇಳಿದರೆ ನಿನಗೇ ಒಳ್ಳೇದು ಅಂತ ಸೂಚನೆ ಕೊಡುವುದು ಎಲ್ಲವೂ ಸೇರುತ್ತವೆ. ಕಂಪನಿ ಬಸ್ಸಿನಲ್ಲಿ ನಡೆದರೂ ಅದು ಕೆಲಸದ ಜಾಗವೇ.

ನಾನು ಜಾಸ್ತಿ ಹೊತ್ತು ಕಳೆಯುವುದು ಒಂದೇ ಅಭ್ಯಾಸಕ್ಕೆ. ಹುಡುಗಿಯೊಬ್ಬಳು ಬಂದು "ಸಾರ್, ಅವರು ನನ್ನ ಹತ್ರ ಸರಿಯಾಗಿ ನಡ್ಕೊಳ್ತಿಲ್ಲ" ಅಂದಾಗ ಏನು ಹೇಳುತ್ತೀರಿ? ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾಡಿಸುತ್ತೇನೆ. ಬಹುತೇಕರ ಬಾಯಿಂದ ಬರುವುದು "ಹೋಗ್ಲಿ ಬಿಡಮ್ಮ, ನಾನು ಹೇಳ್ತೀನಿ ಅವನಿಗೆ". ಇನ್ನು ಕೆಲವರು ಇಬ್ಬರನ್ನೂ ಕರೆಸಿ ಅಲ್ಲೇ ರಾಜಿ ಮಾಡಿಸಲು ಹೊರಡುತ್ತಾರೆ. ಅದು ಅವರ ಕೆಲಸವೇ ಅಲ್ಲ. ದೂರು ಕೊಟ್ಟವಳು ತಾನಾಗಿ ಕೇಳಿದರೆ ಮಾತ್ರ ಸಮಿತಿ ರಾಜಿಗೆ ಪ್ರಯತ್ನಿಸಬಹುದು, ಅದೂ ದುಡ್ಡಿನ ಮೇಲೆ ಅಲ್ಲ. ಸೂಪರ್‌ವೈಸರ್ ಮಾಡಬೇಕಾದದ್ದು ಇಷ್ಟೇ: ಪೂರ್ತಿ ಕೇಳುವುದು, ಬೇರೆಯವರ ಹತ್ತಿರ ಬಾಯಿ ಬಿಡದಿರುವುದು, ಸಮಿತಿಯವರು ಯಾರು ಅಂತ ಹೇಳಿ ಆಗಲೇ ಮೆಷಿನ್ ಬಿಟ್ಟು ಹೋಗಲು ಬಿಡುವುದು. ಮೂರನೆಯದೇ ಕಷ್ಟ, ಯಾಕಂದ್ರೆ ಲೈನ್ ನಿಲ್ಲುತ್ತದೆ. ಅದಕ್ಕೇ ಪ್ರೊಡಕ್ಷನ್ ಮ್ಯಾನೇಜರ್ ಅಲ್ಲೇ ಕೂತಿರಬೇಕು, ಎಲ್ಲರೆದುರು "ಕಳಿಸಿ" ಅಂತ ಹೇಳಬೇಕು.

"ಸುಳ್ಳು ದೂರು ಕೊಟ್ಟರೆ?" ಈ ಪ್ರಶ್ನೆ ಬಂದೇ ಬರುತ್ತದೆ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಕ್ರಮ ಇದೆ. ಆದರೆ ಸಾಕ್ಷಿ ಸಿಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಇದನ್ನು ಎರಡು ಸಲ ಹೇಳುತ್ತೇನೆ.

ಕಾರ್ಮಿಕರ ತರಬೇತಿ ಡ್ಯೂಟಿ ಹೊತ್ತಿನಲ್ಲೇ ಆಗಬೇಕು. ಊಟದ ಬಿಡುವಿನಲ್ಲಿ ಅಂದರೆ ಯಾರಿಗೂ ಕಿವಿ ಇರುವುದಿಲ್ಲ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರಿಗೆ ಅವರ ಭಾಷೆ ಬಲ್ಲವರನ್ನು ಕರೆತಂದು ಬೇರೆ ಕೂರಿಸುತ್ತೇನೆ, ಸುಮ್ನೆ ತಲೆಯಾಡಿಸಿ ಎದ್ದು ಹೋಗುವಂತೆ ಆಗಬಾರದು ಅಲ್ವಾ. ಸಮಿತಿಯ ಸದಸ್ಯೆಯರು ಎದ್ದು ನಿಂತು ಮುಖ ತೋರಿಸಿ, ತಾವು ಯಾವ ಫ್ಲೋರ್‌ನಲ್ಲಿ ಸಿಗುತ್ತೇವೆ ಅಂತ ಹೇಳುತ್ತಾರೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಸಮಯ ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಡಲು ನೆರವಾಗುವುದು ಸಮಿತಿಯ ಜವಾಬ್ದಾರಿ. ಇದನ್ನು ಕೇಳಿದಾಗ ತುಂಬಾ ಜನರ ಮುಖದಲ್ಲಿ ನಿರಾಳ ಕಾಣುತ್ತದೆ. ವಿಚಾರಣೆ ನಡೆಯುವಾಗ ದೂರು ಕೊಟ್ಟವಳು ಬೇರೆ ಯೂನಿಟ್‌ಗೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು ಅನ್ನುವುದೂ ಅನೇಕರಿಗೆ ಗೊತ್ತಿರುವುದಿಲ್ಲ.

ವರ್ಷದ ಕೊನೆಗೆ ಮ್ಯಾನೇಜ್‌ಮೆಂಟ್‌ನವರು ವರದಿ ತೋರಿಸಿ "ನಮ್ಮಲ್ಲಿ ಒಂದೂ ದೂರಿಲ್ಲ" ಅಂತ ಖುಷಿಪಡುತ್ತಾರೆ. ನೂರಾರು ಹೆಂಗಸರು ದುಡಿಯುವ ಜಾಗದಲ್ಲಿ ಆ ಸೊನ್ನೆಯನ್ನು ನಾನು ನಂಬುವುದಿಲ್ಲ. ಅಂಥ ಯೂನಿಟ್‌ಗೆ ಮತ್ತೆ ದಿನ ಕೊಡಿ ಅಂತ ಕೇಳುತ್ತೇನೆ, ಮತ್ತೆ ಸೂಪರ್‌ವೈಸರ್‌ಗಳಿಂದಲೇ ಶುರು ಮಾಡುತ್ತೇನೆ.