ಕಪ್ಪು ಎಲ್‌ಸಿಡಿ ಗಾಜಿನ ಆಚೆ ಏನಿದೆ ಅಂತ ನೋಡುವುದು ಹೇಗೆ?

ಉಡುಪಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೇ ಕ್ಲಾಸಿನ ಬೆಳಕಿನ ಪಾಠ ಮುಗಿದ ಮೇಲೆ ಈ ಪ್ರಯೋಗ ತೋರಿಸದೆ ಬಿಡುವುದಿಲ್ಲ. ಕಾಣದ ಬೆಳಕೂ ಇದೆ ಅಂತ ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಇದನ್ನು ನೋಡಿದರೆ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಮೊದಲು ಹಾಳಾದ ಟಿವಿಯದ್ದೋ ಮಾನಿಟರಿನದ್ದೋ ಎಲ್‌ಸಿಡಿ ಗಾಜು ಬೇಕು. ಮಂಗಳೂರಿನ ಬಂದರು ಕಡೆ ಹೋಗುವವರಿದ್ದರೆ ಗುಜರಿ ಅಂಗಡಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಊರಿನ ಟಿವಿ ರಿಪೇರಿಯವರನ್ನು ಕೇಳಿ. ಐಪಿಎಸ್ ಅಥವಾ ವಿಎ ಪ್ಯಾನೆಲ್ ಆಗಬೇಕು. ಅವು ಕರೆಂಟ್ ಇಲ್ಲದಾಗ ಕಪ್ಪಾಗಿರುತ್ತವೆ. ಟಿಎನ್ ಪ್ಯಾನೆಲ್ ಕರೆಂಟ್ ಇಲ್ಲದಾಗ ಬೆಳಕು ಬಿಡುತ್ತದೆ, ನಮ್ಮ ಕೆಲಸಕ್ಕೆ ಬರುವುದಿಲ್ಲ.

ಬಿಚ್ಚುವ ಕೆಲಸ ಮಕ್ಕಳಿಗೆ ಖಂಡಿತ ಬೇಡ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಹಳೆಯ ಸೆಟ್ಟಿನ ಬ್ಯಾಕ್‌ಲೈಟ್ ಟ್ಯೂಬಿನಲ್ಲಿ ಪಾದರಸ ಇರುತ್ತದೆ. ರಿಪೇರಿಯವರಿಂದಲೇ ಬಿಚ್ಚಿಸಿ, ಗಾಜು ಮಾತ್ರ ತನ್ನಿ. ಹಿಂದಿನ ತಗಡು, ಬಿಳಿ ಹಾಳೆಗಳು ಬೇಡ.

ಗಾಜಿನ ಹಿಂದೆ ಟಾರ್ಚ್ ಹಿಡಿಯಿರಿ. ಬೆಳಕು ತೀರಾ ಮಂಕಾಗಿ ಕಾಣುತ್ತದೆ. ಈಗ ಟಾರ್ಚ್ ಬದಿಗಿಟ್ಟು ಅದೇ ಜಾಗದಲ್ಲಿ ಟಿವಿ ರಿಮೋಟ್ ಹಿಡಿದು ಬಟನ್ ಒತ್ತಿ. ಮುಂದಿನಿಂದ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ವಿಡಿಯೊ ಮಾಡಿ. ರಿಮೋಟಿನದ್ದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಫೋನಿನ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ ಅದನ್ನು ಜಾಸ್ತಿ ತಡೆಯುತ್ತವೆ. ಗಾಜು ಇಲ್ಲದೆ ರಿಮೋಟಿನ ಬೆಳಕು ಕಾಣುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಕಂಡರೆ, ಕಪ್ಪು ಗಾಜಿನ ನಡುವೆಯೂ ಅದು ನೇರಳೆ ಬಿಳುಪಾಗಿ ಮಿನುಗುತ್ತದೆ.

ಕಾರಣ ಗಾಜಿನ ಎರಡೂ ಬದಿಗೆ ಅಂಟಿಸಿದ ಪೋಲರೈಸರ್ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಅಯೋಡಿನ್ ಹೀರಿಸಿ ಎಳೆದ ಪ್ಲಾಸ್ಟಿಕ್ ಅದು. ಅಮೆರಿಕದ ಸಂಶೋಧಕ ಎಡ್ವಿನ್ ಲ್ಯಾಂಡ್ 1938ರಲ್ಲಿ ಕಂಡುಹಿಡಿದ ಬಗೆ. ಅದರೊಳಗೆ ಸಾಲಾಗಿ ನಿಂತ ಅಯೋಡಿನ್ ಸರಪಳಿಗಳು 400ರಿಂದ 700 ನ್ಯಾನೊಮೀಟರ್ ತರಂಗಾಂತರದ, ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ದಿಕ್ಕಿನಲ್ಲಿ ಕಂಪಿಸುವುದನ್ನು ಹೀರುತ್ತವೆ. ಎರಡು ಹಾಳೆ ಅಡ್ಡಡ್ಡ ಇದ್ದರೆ ನಮ್ಮ ಕಣ್ಣಿಗೆ ಕಪ್ಪು. 800 ದಾಟಿದರೆ ಆ ಹೀರುವಿಕೆ ಬಹುಪಾಲು ಹೋಗುತ್ತದೆ. ರಿಮೋಟಿನದ್ದು ಹೆಚ್ಚಾಗಿ 940. ಅದಕ್ಕೆ ಈ ಹಾಳೆ ಸುಮ್ನೆ ಪಾರದರ್ಶಕ. ಎರಡು ಹಾಳೆಗಳ ನಡುವಿನ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್) ಬೆಳಕಿನ ಕಂಪನದ ದಿಕ್ಕನ್ನು ಹೇಗೆ ತಿರುಗಿಸಿದರೂ ವ್ಯತ್ಯಾಸ ಕಾಣದು. ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಬಣ್ಣಗಳೂ ಇನ್‌ಫ್ರಾರೆಡ್ಡನ್ನು ಬಿಡುತ್ತವೆ.

ನನಗೆ ತುಂಬಾ ಇಷ್ಟ ಮುಂದಿನ ಹಂತ. ರಾತ್ರಿಯಲ್ಲೂ ಕಾಣುವ ಸಿಸಿಟಿವಿ ಕ್ಯಾಮೆರಾ ಒಂದನ್ನು ತನ್ನಿ. ಕೋಣೆ ಕತ್ತಲೆ ಮಾಡಿ. ಟಕ್ ಅಂತ ಒಳಗಿನ, ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಸರಿದು ಚಿತ್ರ ಕಪ್ಪು ಬಿಳುಪಾಗುತ್ತದೆ. ಕ್ಯಾಮೆರಾ ಮುಂದೆ ಗಾಜನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ. ನೆಟ್ಟಗಿದ್ದರೆ ಕ್ಯಾಮೆರಾದ್ದೇ ಇನ್‌ಫ್ರಾರೆಡ್ ದೀಪ ಗಾಜಿನಲ್ಲಿ ಹೊಳೆದು ಏನೂ ಕಾಣದು. ಗಾಜಿನ ಆಚೆ ಹತ್ತಿರದಲ್ಲೇ ಒಬ್ಬರು ಕೈ ಹಿಡಿಯಲಿ. ಬೆರಳುಗಳು ಕಾಣುತ್ತವೆ. ದೂರ ಹೋದಷ್ಟೂ ಮಬ್ಬು, ಏಕೆಂದರೆ ಗಾಜಿನ ಮೇಲ್ಮೈ ತರಿಯಾಗಿರುತ್ತದೆ. ಪರದೆಯ ಹಿಂದೆ ಕ್ಯಾಮೆರಾ ಇಟ್ಟು ಬೆರಳು ಗುರುತಿಸುವ ಟಚ್ ಟೇಬಲ್‌ಗಳನ್ನು ಇದೇ ಗುಣ ನಂಬಿ ಕಟ್ಟಿದ್ದಾರೆ.

ಹಗಲಲ್ಲಿ ಮಾಡುವುದಾದರೆ ಬಿಸಿಲು ಬೀಳುವ ಕಿಟಕಿ ಮುಚ್ಚಿ. ಬಿಸಿಲಲ್ಲಿ ಇನ್‌ಫ್ರಾರೆಡ್ ಧಾರಾಳ. ಪ್ರಯೋಗ ಮುಗಿದ ಮೇಲೆ ಗಾಜನ್ನು ಒಣಗಿದ ಕಪಾಟಿನಲ್ಲಿ ಇಡಿ. ಅಯೋಡಿನ್ ಹಾಳೆಗೆ ಸೆಕೆ, ತೇವ ಎರಡೂ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟರೆ ಅಂಚಿನಿಂದ ಬಣ್ಣ ಮಾಸುತ್ತಾ ಬರುತ್ತದೆ.