ಉಂಗುರ ಕೊಳ್ಳುವ ಮೊದಲು ಕೈ ನೋಡಿ

ನಿಶ್ಚಿತಾರ್ಥಕ್ಕೆ ಎರಡು ದಿನ ಇದೆ ಅನ್ನುವಾಗ ಸರಾಫ ಬಜಾರಿಗೆ ಓಡುವವರನ್ನು ಕಲಬುರಗಿಯಲ್ಲಿ ಬಹಳ ಜನರನ್ನು ನೋಡಿದ್ದೇನೆ. ಡಿಸೈನ್ ನೋಡುತ್ತಾರೆ, ಇವತ್ತಿನ ರೇಟು ಕೇಳುತ್ತಾರೆ, ತೂಕ ಹಾಕಿಸುತ್ತಾರೆ. ಉಂಗುರ ಹಾಕಿಕೊಳ್ಳುವ ಕೈ ದಿನವಿಡೀ ಏನು ಕೆಲಸ ಮಾಡುತ್ತದೆ ಅಂತ ಮಾತ್ರ ಯಾರೂ ಯೋಚಿಸುವುದಿಲ್ಲ. ಯಾವ ಲೋಹ ಬೇಕು ಅಂತ ತೀರ್ಮಾನಿಸಬೇಕಾದದ್ದು ಆ ಕೈಯನ್ನು ನೋಡಿಯೇ.

ನಮ್ಮ ಅಕ್ಕನ ಮಗಳಿಗೆ 22 ಕ್ಯಾರೆಟ್‌ನಲ್ಲಿ ಒಂಟಿ ಹರಳಿನ ಉಂಗುರ ಮಾಡಿಸಿದ್ದೆವು. ಮದುವೆಯಾಗಿ ಆರು ತಿಂಗಳಿಗೆ ಹರಳು ಬಿದ್ದುಹೋಯಿತು. ಪತ್ತಾರರ ಹತ್ತಿರ ಒಯ್ದಾಗ ಅವರು ಭೂತಗನ್ನಡಿ ಹಿಡಿದು ತೋರಿಸಿದರು. ಹರಳು ಕೂತಿದ್ದ ಗೂಡಿನಲ್ಲಿ ಜೋಳದ ಹಿಟ್ಟು ಒಣಗಿ ಕಲ್ಲಾಗಿತ್ತು. ಹರಳನ್ನು ಹಿಡಿಯಬೇಕಾದ ನಾಲ್ಕು ಹಲ್ಲುಗಳಲ್ಲಿ ಎರಡು ಹೊರಕ್ಕೆ ಬಾಗಿದ್ದವು. "ಹರಳಿಂದೇನೂ ತಪ್ಪಿಲ್ಲ ತಂಗಿ, ಬಂಗಾರ ಬಾಳ ಮೆತ್ತಗದ" ಅಂದರು. ದಿನಾ ರೊಟ್ಟಿ ಬಡಿಯುವ ಕೈಗೆ ನಾವು ಮೆತ್ತನೆಯ ಬಂಗಾರ ತೊಡಿಸಿದ್ದೆವು.

ಹಾಗಾಗಿ ಮೊದಲ ಹೆಜ್ಜೆ, ಹರಳು ಬೇಕೋ ಬೇಡವೋ ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ಹರಳು ಬೇಡ, ಸಾದಾ ಉಂಗುರ ಸಾಕು ಅಂದರೆ ಕೆಲಸ ಸುಲಭ. 22 ಕ್ಯಾರೆಟ್ ತೊಗೊಳ್ಳಿ. ಗೀರು ಬೀಳುತ್ತದೆ, ಪಾಲಿಶ್ ಮಾಡಿಸಿದರೆ ಹೋಗುತ್ತದೆ.

ಹರಳು ಬೇಕು ಅಂದರೆ 18 ಕ್ಯಾರೆಟ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಭಾಗ ಬಂಗಾರ. 18ರಲ್ಲಿ 75 ಭಾಗ. ಉಳಿದ ಕಾಲು ಭಾಗದಲ್ಲಿ ತಾಮ್ರ, ಬೆಳ್ಳಿಯಂಥ ಲೋಹ ಸೇರಿರುತ್ತದೆ. ಹಲ್ಲುಗಳಿಗೆ ಗಟ್ಟಿತನ ಬರುವುದೇ ಅದರಿಂದ. ಮನೆಯ ಹಿರಿಯರು "18 ಅಂದರೆ ಕಲಬೆರಕೆ ಅಲ್ವಾ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಸಮಾಧಾನವಾಗಿ ಹೇಳಿ: ನಾವು ದುಡ್ಡು ಕೊಡುವುದೂ 18ರ ರೇಟಿನಲ್ಲೇ, 22ರ ರೇಟಿನಲ್ಲಿ ಅಲ್ಲ. ಹರಳನ್ನು ಆದಷ್ಟು ತಗ್ಗಿನಲ್ಲಿ ಕೂರಿಸಲು ಹೇಳಿ. ನಾಲ್ಕರ ಬದಲು ಆರು ಹಲ್ಲು ಇಡಿಸಿ. ಹರಳಿನ ಸುತ್ತ ಪೂರ್ತಿ ಬಂಗಾರದ ಕಟ್ಟು ಬಂದರೆ ಇನ್ನೂ ಒಳ್ಳೆಯದು. ಸೀರೆಯ ಜರಿಗೆ, ತಲೆಗೂದಲಿಗೆ ಸಿಕ್ಕಿಕೊಳ್ಳುವುದಿಲ್ಲ.

ಬಿಳಿ ಬಣ್ಣದ ಉಂಗುರ ಕೇಳುವವರು ಈಗ ಜಾಸ್ತಿ. ಇಲ್ಲೇ ಜನ ಮೋಸ ಹೋಗುವುದು. ವೈಟ್ ಗೋಲ್ಡ್ ಬೇರೆ, ಪ್ಲಾಟಿನಂ ಬೇರೆ. ವೈಟ್ ಗೋಲ್ಡ್ ಅಂದರೆ ಬಂಗಾರಕ್ಕೆ ನಿಕ್ಕಲ್ ಅಥವಾ ಪಲ್ಲಾಡಿಯಂ ಬೆರೆಸಿದ್ದು. ಹೊಳಪಿಗೆ ಮೇಲೆ ರೋಡಿಯಂ ಲೇಪ ಕೊಟ್ಟಿರುತ್ತಾರೆ. ಲೇಪ ಸವೆದಾಗ ಒಳಗಿನ ಹಳದಿ ಛಾಯೆ ಕಾಣುತ್ತದೆ. ಮತ್ತೆ ಲೇಪ ಹಾಕಿಸಬೇಕು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ಬೆವರಿದ ಬೆರಳಿಗೆ ಅಂಥ ಉಂಗುರ ಹಾಕಿಕೊಂಡರೆ ತುರಿಕೆ ಶುರು. ನಿಕ್ಕಲ್ ಇದೆಯೋ ಇಲ್ಲವೋ ಅಂತ ಬಾಯಿಬಿಟ್ಟು ಕೇಳಿ.

ಪ್ಲಾಟಿನಂ ಒಳಗೂ ಹೊರಗೂ ಬಿಳಿಯೇ. ಒಡವೆಗೆ ಸಾಮಾನ್ಯವಾಗಿ ನೂರಕ್ಕೆ 95 ಭಾಗ ಶುದ್ಧವಾದದ್ದನ್ನು ಬಳಸುತ್ತಾರೆ. ಕೈಗೆ ಭಾರ ಅನ್ನಿಸುತ್ತದೆ. ಒಂದು ತೊಂದರೆ ಇದೆ. ಬಂಗಾರ 1064 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಬಂಗಾರದ ಕೆಲಸದ ಸಲಕರಣೆ ಅದಕ್ಕೆ ಸಾಲುವುದಿಲ್ಲ. ನಾಳೆ ಸೈಜ್ ಬದಲಿಸಬೇಕಾದರೆ ಎಲ್ಲಿ ಮಾಡಿಸುತ್ತೀರಿ, ಎಷ್ಟು ದಿನ ಬೇಕು ಅಂತ ಕೇಳಿಕೊಂಡೇ ದುಡ್ಡು ಕೊಡಿ.

ಬೆಳ್ಳಿ ಕಾಲುಂಗುರಕ್ಕೆ ಚೆಂದ, ಕೈಯಲ್ಲಿ ಕಪ್ಪಾಗುತ್ತದೆ. ಟಂಗ್‌ಸ್ಟನ್ ಉಂಗುರದ ಸೈಜ್ ಬದಲಿಸಲು ಬರುವುದಿಲ್ಲ. ಒನ್ ಗ್ರಾಂ ಗೋಲ್ಡ್ ಅಂದರೆ ಬರೀ ಲೇಪ, ಮದುವೆ ಉಂಗುರಕ್ಕೆ ಅದು ಬೇಡವೇ ಬೇಡ. ಬೀದರಿನ ಬಿದ್ರಿ ಉಂಗುರ ನನಗೆ ತುಂಬಾ ಇಷ್ಟ. ಆ ಕಪ್ಪಿನ ಮೇಲೆ ಬೆಳ್ಳಿ ಎಳೆ ಕಂಡರೆ ಕಣ್ಣು ಕೀಳಲು ಆಗುವುದಿಲ್ಲ. ಆದರೆ ಅದು ಸತುವಿಗೆ ತಾಮ್ರ ಬೆರೆಸಿದ ಲೋಹ. ಕೋಟೆಯ ಮಣ್ಣು, ನವಸಾಗರ ಹಚ್ಚಿ ತರಿಸಿದ ಕಪ್ಪು ಬಣ್ಣ ದಿನಾ ಉಜ್ಜಿದರೆ ಮಾಸುತ್ತದೆ. ಹಬ್ಬ, ಕಾರ್ಯಕ್ರಮಕ್ಕೆ ಹಾಕಿಕೊಳ್ಳಿ.

ಅಂಗಡಿಯಲ್ಲಿ ಉಂಗುರದ ಒಳಮೈ ನೋಡಿ. ಬಂಗಾರದ ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಚಿಹ್ನೆ, 22ಕೆ916 ಅಥವಾ 18ಕೆ750 ಅನ್ನುವ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಸೇರಿದ ಗುರುತು ಸಂಖ್ಯೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ನಿಂತು ಹಾಕಿ ನೋಡಿ. ಸಂಕೋಚ ಬೇಡ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ತೆಳುವಾದ ಉಂಗುರ ಕೊಳ್ಳುವವರು ಇದನ್ನು ನೆನಪಿಡಬೇಕು. "ಕೆಡಿಎಂ ಮಾಲು, ಬಾಳ ಚಲೋ" ಅಂತ ಈಗಲೂ ಹೇಳುವವರಿದ್ದಾರೆ. ಕೆಡಿಎಂ ಅಂದರೆ ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದು. ಅದರ ಹೊಗೆ ಕುಡಿದು ಶ್ವಾಸಕೋಶ ಕೆಡುವುದು ಒಡವೆ ಮಾಡುವವರದ್ದು. ನಾನಂತೂ ಕೊಳ್ಳುವುದಿಲ್ಲ.

ಬಿಲ್ಲಿನಲ್ಲಿ ಬಂಗಾರದ ತೂಕ, ಹರಳಿನ ತೂಕ, ಮಜೂರಿ ಬೇರೆ ಬೇರೆ ಬರೆಸಿ. ಹರಳಿನ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ ತೂಕ. ಬಂಗಾರದ ಕ್ಯಾರೆಟ್ ಶುದ್ಧತೆಯ ಲೆಕ್ಕ. ಎರಡನ್ನೂ ಬೆರೆಸಿಕೊಂಡರೆ ಹರಳಿಗೂ ಬಂಗಾರದ ರೇಟು ಕೊಟ್ಟು ಬರುತ್ತೀರಿ.

ಬೆರಳಿನ ಅಳತೆಯನ್ನು ದಾರ ಸುತ್ತಿ ಕಳಿಸಬೇಡಿ. ದಾರ ಹಿಗ್ಗುತ್ತದೆ. ಅಂಗಡಿಯ ಅಳತೆ ಉಂಗುರಗಳನ್ನೇ ಹಾಕಿ ನೋಡಿ, ಅದೂ ಸಂಜೆ ಹೊತ್ತು. ಬಿಸಿಲಿಗೆ ಬೆರಳು ಊದಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾದದ್ದು ಸಂಜೆ ಬಿಗಿಯಾಗುತ್ತದೆ. ಬೆರಳಿನ ಗಿಣ್ಣು ದಾಟುವಾಗ ತುಸು ತಡೆದು ಒಳಗೆ ಹೋಗಬೇಕು. ಪಟ್ಟಿ ಅಗಲ ಇದ್ದರೆ ಸ್ವಲ್ಪ ದೊಡ್ಡದು ತೊಗೊಳ್ಳಿ.

ಹಿಟ್ಟು ನಾದುವಾಗ ಉಂಗುರ ತೆಗೆದಿಡಿ. ತಿಂಗಳಿಗೊಮ್ಮೆ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬ್ರಶ್‌ನಿಂದ ಹರಳಿನ ಕೆಳಗೆ ಉಜ್ಜಿ. ಒರೆಸಿದ ಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಟಿಕ್ ಟಿಕ್ ಸದ್ದು ಬಂದರೆ ಹಲ್ಲು ಸಡಿಲಾಗಿದೆ. ಅವತ್ತೇ ಪತ್ತಾರರ ಹತ್ತಿರ ಒಯ್ಯಿರಿ.